ಹಸಿರು ಶಾಯಿಯ ಹೆಸರು

ಹಯಾತ್ ಸಾಬ್ ಬೀಸಿ ಎಸೆದ ಸಿ.ಡಿ. ರೂಪಶ್ರೀಯ ಹುಬ್ಬಿಗೆ ಬಡಿದು ರಕ್ತ ಬಂತು. ಗುತ್ತೂರಿನಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ಅವರು ಹರಿಹರದ ಅವಳ ಕಂಪ್ಯೂಟರ್ ಅಂಗಡಿಗೆ ಕೆಂಡವಾಗಿ ನುಗ್ಗಿದ್ದರು.

"ನಿನ್ ಹೆಸ್ರು ನೋಡೇ ತಗೊಂಡಿದ್ದೆ ಕಣಮ್ಮ! ಕಂಪ್ಯೂಟರಿಗೆ ಹಾಕಿದ್ರೆ ಅರ್ಧಕ್ಕೇ ನಿಂತು ನನ್ ಡ್ರಾಯಿಂಗೆಲ್ಲ ಅಳಿಸಿ ಹಾಕೈತೆ!"

ರೂಪಶ್ರೀ ವೇಲಿನಿಂದ ಹುಬ್ಬು ಒತ್ತಿಕೊಂಡು ಸಿ.ಡಿ. ಎತ್ತಿದಳು. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಅದು. ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಮಾರಲೂಬಹುದು, ತಡೆಯುವವರಿಲ್ಲ. ಆದರೂ ಎರಡು ವರ್ಷದಿಂದ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಒಂದೊಂದನ್ನೂ ತಾನೇ ಹಾಕಿ ನೋಡಿ, ಸರಿಯಿದ್ದರೆ ಮಾತ್ರ ಹಸಿರು ಶಾಯಿಯಲ್ಲಿ ತನ್ನ ಹೆಸರು ಬರೆದು ಕೊಡುತ್ತಿದ್ದಳು. ಇದರ ಮೇಲೂ ಹಸಿರು ಶಾಯಿಯೇ. ಅಕ್ಷರ ಅವಳದಲ್ಲ.

"ಎಲ್ಲಿ ತಗೊಂಡ್ರಿ?"

"ದಾವಣಗೆರೇಲಿ. ಎಂ.ಸಿ.ಸಿ. ಬಡಾವಣೆ, ಬಕ್ಕೇಶನ ಕಂಪ್ಯೂಟರ್ ಶೋರೂಮು."

ಹುಬ್ಬಿಗೆ ಪಟ್ಟಿ ಹಾಕಿಸಿಕೊಂಡವಳೇ ದಾವಣಗೆರೆ ಬಸ್ಸು ಹತ್ತಿದಳು.

ಬಕ್ಕೇಶನ ಕೌಂಟರಿನ ಮೇಲೆ ಅವಳ ಹೆಸರಿನ ಸಿ.ಡಿ.ಗಳು ರಾಶಿ ಬಿದ್ದಿದ್ದವು.

"ಸಿ.ಡಿ. ಎಷ್ಟಾದ್ರೂ ನಕಲು ಮಾಡ್ಕೊಳ್ರಿ ಬಕ್ಕೇಶಣ್ಣ, ಅದು ನಂದಲ್ಲ. ನನ್ ಹೆಸ್ರು ಮಾತ್ರ ಬ್ಯಾಡ."

ಬಕ್ಕೇಶ ನಕ್ಕ. "ಮೊದ್ಲು ಇದೇ ಸಿ.ಡಿ.ನ ಬಣ್ಣಬಣ್ಣದ ಡಬ್ಬೀಲಿಟ್ಟು ನನ್ ಹೆಸ್ರು ಹಾಕಿದ್ದೆ. ಒಂದು ನಾಯೀನೂ ಮೂಸ್ಲಿಲ್ಲ. ನಿನ್ ಹೆಸ್ರು ಬರೆದೆ, ಮುಗಿಬಿದ್ದು ಒಯ್ದ್ರು. ಮಾಲು ಪುಕ್ಕಟೆ ಅಂದ್ಮೇಲೆ ಹೆಸ್ರೂ ಪುಕ್ಕಟೇನೇ, ಹೋಗು."

ರೂಪಶ್ರೀ ರಾಶಿಯನ್ನು ಬಾಚಿ ನೆಲಕ್ಕೆ ಸುರಿದು ತುಳಿದಳು. ಸಿ.ಡಿ.ಗಳು ಚಟಚಟನೆ ಮುರಿದವು. ಬಕ್ಕೇಶ ಅವಳ ಜಡೆ ಹಿಡಿದೆಳೆದು ಮುಖವನ್ನು ಕೌಂಟರಿನ ಗಾಜಿಗೆ ಅಪ್ಪಳಿಸಿದ. ಗಾಜು ಪುಡಿಯಾಯಿತು. ಅವಳು ಅವನ ಮುಂಗೈ ಕಚ್ಚಿದಳು. ಬಾಯಿಗೆ ರಕ್ತದ ಉಪ್ಪು ಬಂದರೂ ಬಿಡಲಿಲ್ಲ. ಅವನು ಇನ್ನೊಂದು ಕೈಯಲ್ಲಿ ಶಟರ್ ಎಳೆಯುವ ಕಬ್ಬಿಣದ ಸಲಾಕೆ ಎತ್ತಿಕೊಂಡು, ಕೌಂಟರಿನಂಚು ಹಿಡಿದಿದ್ದ ಅವಳ ಬಲಗೈ ಮೇಲೆ ಬಾರಿಸಿದ. ಒಮ್ಮೆ. ಮತ್ತೊಮ್ಮೆ. ಎಲುಬು ಮುರಿದ ಸದ್ದು ಅವಳಿಗೇ ಕೇಳಿಸಿತು. ಪಕ್ಕದ ಕ್ಲಿನಿಕ್ಕಿನವರು ಓಡಿಬಂದು ಬಿಡಿಸದಿದ್ದರೆ ಮೂರನೆಯದು ತಲೆಗೇ ಬೀಳುತ್ತಿತ್ತು.

ಪೊಲೀಸರು ಬಕ್ಕೇಶನನ್ನು ಒಯ್ದರು. ನಿಜ ತಿಳಿದ ಹಯಾತ್ ಸಾಬ್ ತಾವಾಗಿಯೇ ಠಾಣೆಗೆ ಹೋಗಿ ತಾವು ಎಸೆದಿದ್ದ ನಕಲಿ ಸಿ.ಡಿ. ಕೊಟ್ಟು ಸಾಕ್ಷಿ ಹೇಳಿದರು. ಬಕ್ಕೇಶನಿಗೆ ವಾರದಲ್ಲಿ ಜಾಮೀನು ಸಿಕ್ಕಿತು, ಕೇಸು ನಡೆದೇ ಇತ್ತು. ಅವಳ ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ.

ಎಡಗೈಯಲ್ಲಿ ಸೊಟ್ಟಗೆ ಹೆಸರು ಬರೆದ ಮೊದಲ ಸಿ.ಡಿ.ಯನ್ನು ಬಾತಿ ಹಳ್ಳಿಯಿಂದ ಬಂದ ಗಿರಾಕಿಯೊಬ್ಬ ತಿರುಗಿಸಿ ನೋಡಿದ. "ಇದೂ ಡೂಪ್ಲಿಕೇಟೇನು?" ಎಂದು ಅಲ್ಲೇ ಇಟ್ಟು ಹೋದ. ಎಲುಬು ಮುರಿದಾಗ ಅಳದವಳು ಅಂದು ಬಾಗಿಲು ಹಾಕಿಕೊಂಡು ಅತ್ತಳು.

ಮರುದಿನ ಅಂಗಡಿಯ ಮುಂದೆ ಹಲಗೆ ನಿಂತಿತು: 'ಸಿ.ಡಿ. ಪುಕ್ಕಟೆ. ನಕಲು ಮಾಡಿಕೊಳ್ಳಿ. ಕಂಪ್ಯೂಟರಿಗೆ ಹಾಕಿಕೊಡಲು ರೂಪಶ್ರೀಯೇ ಬರುತ್ತಾಳೆ, ಅದಕ್ಕೆ ಕೂಲಿ.'

ಮೊದಲು ಕರೆದವರು ಹಯಾತ್ ಸಾಬ್, ವರ್ಕ್‌ಶಾಪಿನ ಎರಡು ಕಂಪ್ಯೂಟರಿಗೆ ಹಾಕಿಕೊಡಲು. ಅವಳು ಎಡಗೈಯಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದರೆ, ಅವರು ಸದ್ದಾಗದಿರಲೆಂದು ಲೇತ್ ನಿಲ್ಲಿಸಿ ಪಕ್ಕದಲ್ಲೇ ನಿಂತಿದ್ದರು.

"ಅವಸ್ರ ಇಲ್ಲ ಬೇಟಿ, ನಿಧಾನ್ಕೆ ಮಾಡು."

ಮೊದಲ ಕಂಪ್ಯೂಟರ್ ಚಾಲೂ ಆಗುವಾಗ ಮಧ್ಯಾಹ್ನವಾಗಿತ್ತು. ಅವಳು ಎದ್ದು ಎರಡನೆಯದರ ಮುಂದೆ ಕೂತಳು.