ಬಟ್ಟೆಯ ಜೀವಕೋಶ

ಒಂಬತ್ತನೇ ತರಗತಿಯ ಆ ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಒಮ್ಮೆ ಕೇಳಿದ ಪಾಠ ಬಾಯಿಪಾಠವಾಗಿಬಿಡುತ್ತಿತ್ತು. ಜೀವಕೋಶದ ಪಾಠದ ದಿನ ಮಾತ್ರ ವಿಜ್ಞಾನದ ಮೇಡಂ ಹಲಗೆಯ ಮೇಲೆ ಚಿತ್ರ ಬರೆದು, ನೀನು ಚಿತ್ರದ ಪ್ರಶ್ನೆ ಬಿಟ್ಟುಬಿಡು ಎಂದರು. ಹುಡುಗಿ ಮನೆಗೆ ಬಂದು ಮುಖ ಊದಿಸಿಕೊಂಡು ಕುಳಿತಳು.

ಅವಳನ್ನು ಸಾಕಿದ ದೊಡ್ಡಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಯಂತ್ರ ತುಳಿಯುತ್ತಲೇ ಪಾಠ ಹೇಳಿಸಿಕೊಂಡಳು. ಜೀವಕೋಶದೊಳಗೆ ಕಣದಂಗಗಳೆಂಬ ಪುಟ್ಟ ಭಾಗಗಳಿವೆಯಂತೆ. ಕೋಶಕೇಂದ್ರಕ್ಕೂ ಮೈಟೋಕಾಂಡ್ರಿಯಕ್ಕೂ ಎರಡು ಪೊರೆ, ಲೈಸೋಸೋಮಿಗೆ ಒಂದು, ರೈಬೋಸೋಮಿಗೆ ಪೊರೆಯೇ ಇಲ್ಲವಂತೆ.

“ಲೈನಿಂಗ್ ಇರೋವು, ಇಲ್ದೇ ಇರೋವು ಅನ್ನು. ಅದೇನು ಮಹಾ,” ಎಂದಳು ದೊಡ್ಡಮ್ಮ.

ಉಳಿದ ತುಂಡುಬಟ್ಟೆಗಳಲ್ಲಿ ನಾಲ್ಕು ದಿನ ಕೆಲಸ ನಡೆಯಿತು. ದಪ್ಪ ಬಟ್ಟೆಯ ಅಂಚಿಗೆ ಹಗ್ಗ ಕೂರಿಸಿ ಕೋಶದ ಹೊರಪೊರೆ ಮಾಡಿದಳು. ಹತ್ತಿಯ ಉಂಡೆಗೆ ಎರಡು ಪದರ ಸುತ್ತಿದಾಗ ಕೋಶಕೇಂದ್ರವಾಯಿತು, ಪುಟ್ಟ ಉಂಡೆಗೆ ಒಂದೇ ಪದರ ಸುತ್ತಿದಾಗ ಲೈಸೋಸೋಮ್ ಆಯಿತು. ಮೈಟೋಕಾಂಡ್ರಿಯದ ಒಳಬಟ್ಟೆಗೆ ನೆರಿಗೆ ಹಿಡಿದು, ಕೈ ತೂರುವಷ್ಟು ತೆರಪು ಉಳಿಸಿದಳು. ರೈಬೋಸೋಮಿಗೆಂದು ಸಣ್ಣ ಮಣಿಗಳನ್ನು ತಂದು, ಚೆಲ್ಲಿಹೋಗದಂತೆ ಬಲೆಬಟ್ಟೆಯ ಚೀಲದಲ್ಲಿ ಹಾಕಿ ಹೊಲಿದಳು.

ಹುಡುಗಿಯ ಬೆರಳು ಒಂದೊಂದನ್ನೇ ತಡವುತ್ತ ಹೋಯಿತು. ನೆರಿಗೆ ಸಿಕ್ಕಾಗ ನಕ್ಕುಬಿಟ್ಟಳು. ಒಳಪೊರೆ ಮಡಿಚಿಕೊಂಡಿದೆ ಎಂದು ಎಷ್ಟೋ ಸಲ ಒಪ್ಪಿಸಿದ್ದಳು. ಅದು ಹೀಗೆಂದು ಈಗ ಗೊತ್ತಾಯಿತು. ಆದರೆ ಮಣಿಗಳ ಬಳಿ ಕೈ ನಿಂತಿತು.

“ದೊಡ್ಡಮ್ಮ, ಇವಕ್ಕೆ ಚೀಲ ಇರಬಾರ್ದು.”

“ಚೆಲ್ಲಿಹೋಗ್ತವಲ್ಲೇ.”

“ಇಲ್ಲ. ಪೊರೆ ಇಲ್ದೇನೇ ಇರ್ತವೆ. ಪ್ರೋಟೀನ್ ತಯಾರು ಮಾಡೋದೇ ಅವು.”

ಇಡೀ ಸಂಜೆಯ ಕೆಲಸ ಹಾಳಾಯಿತೆಂದು ಗೊಣಗುತ್ತ ದೊಡ್ಡಮ್ಮ ಕತ್ತರಿ ಹಾಕಿದಳು. ಆಮೇಲೆ ಇಬ್ಬರೂ ಕೂತು ಮಣಿಗಳನ್ನು ಬಿಡಿಬಿಡಿಯಾಗಿ ಹೊಲಿದರು. ಹುಡುಗಿ ಸೂಜಿ ಚುಚ್ಚಿಕೊಂಡರೂ ಬಿಟ್ಟುಕೊಡಲಿಲ್ಲ.

ಮರುದಿನ ಹುಡುಗಿ ಶಾಲೆಗೆ ಒಯ್ದ ಬಟ್ಟೆಯ ಜೀವಕೋಶದ ಮೇಲೆ ಮೇಡಂ ಕೈಯಾಡಿಸಿ ನೋಡಿದರು. ಬಿಟ್ಟುಬಿಡು ಅಂದದ್ದು ತನ್ನದೇ ತಪ್ಪು ಎಂದು ಎಲ್ಲರೆದುರೇ ಒಪ್ಪಿಕೊಂಡರು. ಮಕ್ಕಳೆಲ್ಲ ಕಣ್ಣು ಮುಚ್ಚಿ ಮುಟ್ಟಿ ನೋಡಿದರು. ಚಿತ್ರ ಚೆನ್ನಾಗಿ ಬರೆದವರೇ ಲೈಸೋಸೋಮ್ ಸಿಗದೆ ತಡಕಾಡಿದಾಗ ಹುಡುಗಿ ಅವರ ಕೈ ಹಿಡಿದು ತೋರಿಸಿದಳು. ಪರೀಕ್ಷೆಯಲ್ಲಿ ಚಿತ್ರದ ಪ್ರಶ್ನೆಗೆ ಮೇಡಂ ಒಪ್ಪಿಗೆಯಿಂದ ಮೇಣದ ಮಾದರಿ ಮಾಡಿ, ಭಾಗಗಳನ್ನು ಹೆಸರಿಸಿದಳು. ಅರ್ಧ ಅಂಕ ಮಾತ್ರ ಹೋಯಿತು.

ಫಲಿತಾಂಶ ಬಂದ ವಾರವೇ ಮೇಡಂ ಮನೆಗೆ ಬಂದರು.

“ಹೃದಯದ್ದೊಂದು ಹೊಲಿದು ಕೊಡ್ತೀರಾ?”

“ಅಳತೆ ತಂದಿದ್ದೀರಾ?” ದೊಡ್ಡಮ್ಮ ಕೇಳಿದಳು.

ಮೇಡಂ ನಗುತ್ತ, ಹೆಚ್ಚುಕಡಿಮೆ ಇಷ್ಟೇ ಎಂದು ಮುಷ್ಟಿ ಹಿಡಿದು ಮುಂದೆ ಚಾಚಿದರು. ದೊಡ್ಡಮ್ಮ ಟೇಪು ಸುತ್ತಿ ಅಳತೆ ತೆಗೆದುಕೊಂಡಳು.