ಒಂದೇ ಬದಿಯ ಬೆಂಚು

ರಮಾಮಣಿಯಮ್ಮ ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಕುಟ್ಟಿದರು. ಪೊಳ್ಳು ಸದ್ದು ಬಂತು. ಇನ್ನೊಮ್ಮೆ ಕುಟ್ಟಿ, ಅದರ ಕಾಲು ಅಲ್ಲಾಡಿಸಿ ನೋಡಿ, ಸೆರಗು ಸರಿಪಡಿಸಿಕೊಂಡು, "ಇದೇ ಆದೀತು" ಎಂದರು.

ಅಂಗಡಿಯ ಲೀಲಾಧರನಿಗೇ ನಂಬಿಕೆ ಬರಲಿಲ್ಲ. ಬನ್ನಂಜೆಯ ಈ ಅಮ್ಮ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕದೆ ಕೊಂಡವರಲ್ಲ, ಸೀರೆಯನ್ನು ಬಿಸಿಲಿಗೆ ಹಿಡಿದು ನೋಡದೆ ಒಪ್ಪಿದವರಲ್ಲ. ಅಂಥವರು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ, ಮೇಲೊಂದು ಹೊಳೆಯುವ ಹಾಳೆ ಅಂಟಿಸಿ, ಬೊಂಬಾಯಿಯಿಂದ ಲಾರಿಗಟ್ಟಲೆ ಬಂದಿಳಿಯುವ ಊಟದ ಮೇಜನ್ನು ಒಂದೇ ಮಾತಿಗೆ ಒಪ್ಪುವುದೆಂದರೆ! ಸೊಸೆ ಸುಭಾಷಿಣಿ ತನ್ನ ಗಂಡ ರಘುಪತಿಯ ಮುಖ ನೋಡಿದಳು.

"ಅತ್ತೆ, ಇದು ಬಾಳಿಕೆ ಬರುವುದಿಲ್ಲ. ಕಾಪುವಿನಲ್ಲಿ ನಮ್ಮ ಅಪ್ಪನ ಮನೆಯಲ್ಲಿ ಅಜ್ಜನ ಕಾಲದ ಹಲಸಿನ ಮೇಜು ಉಂಟು, ಇನ್ನೂ ಒಂದು ಬಿರುಕಿಲ್ಲ. ಅಂಥದ್ದೇ ಮಾಡಿಸುವ."

"ಹಲಸು ಎಂತಕ್ಕೆ? ಭಾರ. ಇದು ಚಂದ ಉಂಟು, ಹೊಳೀತದೆ."

ಹೊಳೆಯುವ ವಸ್ತುವನ್ನು ಅವರು ಹೊಗಳಿದ್ದು ಜನ್ಮದಲ್ಲಿ ಅದೇ ಮೊದಲು.

ಅವರ ಎಣಿಕೆಯೇ ಬೇರೆ. ಹಲಸಿನದು ಬಂದು ಕೂತರೆ ತಾನು ಸತ್ತ ಮೇಲೂ ಕೂತೇ ಇರುತ್ತದೆ. ಇದಾದರೆ ಹೆಚ್ಚೆಂದರೆ ಒಂದು ಮಳೆಗಾಲ. ಮುರಿದು ಬೀಳಲಿ, ಆಮೇಲೆ ಎಲ್ಲರೂ ಮೊದಲಿನ ಹಾಗೆ ತೆಪ್ಪಗೆ ನೆಲಕ್ಕೆ ಬರುತ್ತಾರೆ.

ಮದುವೆಯಾಗಿ ಬಂದಾಗಿನಿಂದ ಆ ಮನೆಯ ಊಟವೆಂದರೆ ನೆಲದ ಮೇಲೆ ಸಾಲಾಗಿ ಹಾಸಿದ ಬಾಳೆಲೆ, ಅದರ ಎದುರು ಬೆನ್ನು ಬಗ್ಗಿಸಿ ಬಡಿಸುತ್ತ ಹೋಗುವ ರಮಾಮಣಿಯಮ್ಮ. ಗಂಡ ವಿಷ್ಣುಮೂರ್ತಿಗಳಿಗೆ ಸಾರು ಎಷ್ಟು, ಮಗನಿಗೆ ಯಾವ ಪಲ್ಯ ಎರಡನೆಯ ಸಲ ಬೇಕು ಎಂದು ಕೇಳಿ ತಿಳಿಯಬೇಕಾದ ಅಗತ್ಯವೇ ಅವರಿಗಿರಲಿಲ್ಲ. ಮೇಜು ಬಂದರೆ ಪಾತ್ರೆಗಳು ನಡುವೆ ಬಂದು ಕೂರುತ್ತವೆ, ಅವರವರೇ ಹಾಕಿಕೊಳ್ಳುತ್ತಾರೆ. ಆಮೇಲೆ ಈ ರಮಾಮಣಿ ಎಂಬವಳು ಮನೆಯಲ್ಲಿ ಎಂತಕ್ಕೆ? ಮೊದಲು ಮೇಜು, ಆಮೇಲೆ ಸೌಟು, ಕೊನೆಗೆ ಅಡುಗೆಮನೆ. ಮೇಜು ಬೇಕೆಂದವಳು ಸೊಸೆ. ಬ್ಯಾಂಕಿಗೆ ಹೋಗುವ ಹುಡುಗಿ ಎಲ್ಲ ಯೋಚಿಸಿಯೇ ಹೆಜ್ಜೆ ಇಡುತ್ತಿದ್ದಾಳೆ ಎಂದು ಅವರಿಗೆ ಖಾತ್ರಿಯಾಗಿತ್ತು.

ಇನ್ನೊಂದು ಗುಮಾನಿಯೂ ಇತ್ತು. ತಾವೇ ಹಾಕಿಕೊಂಡು ಉಣ್ಣುವವರು ನಾಳೆ ಮಣಿಪಾಲದ ಹೋಟೆಲಿನಿಂದ, ಈ ಮನೆಯ ಹೊಸ್ತಿಲು ದಾಟದ ನೀರುಳ್ಳಿಯ ಬಾಜಿ ಕಟ್ಟಿಸಿಕೊಂಡು ಬಂದರೆ ಕೇಳುವವರು ಯಾರು? ಸುಭಾಷಿಣಿ ಸ್ನಾನಕ್ಕೆ ಹೋದಾಗ ಅವಳ ಬ್ಯಾಂಕಿನ ಚೀಲಕ್ಕೆ ಮೂಗು ಹಚ್ಚಿ ನೋಡಿದ್ದೂ ಆಯಿತು. ರೆಕ್ಸಿನ್ನಿನ ವಾಸನೆಯ ಹೊರತು ಏನೂ ಇರಲಿಲ್ಲ. ಏನೂ ಇಲ್ಲದ್ದು ಕಂಡು ಸಂಶಯ ಇನ್ನಷ್ಟು ಬಲವಾಯಿತು.

ಎಂಬತ್ತೆರಡನೆಯ ಇಸವಿಯ ಮಳೆ ಅವರನ್ನು ಕೈಬಿಡಲಿಲ್ಲ. ಜೂನ್ ಕಳೆಯುವುದರೊಳಗೆ ಮೇಜಿನ ಅಂಚು ನೆನೆದ ಅವಲಕ್ಕಿಯ ಹಾಗೆ ಉಬ್ಬಿತು, ಹಾಳೆ ಮೇಲೆದ್ದಿತು. ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ ಕಾಲೊಂದು ಮಡಚಿಕೊಂಡು, ಸೌತೆಕಾಯಿ ಹುಳಿಯ ಪಾತ್ರೆ ಸೀದಾ ವಿಷ್ಣುಮೂರ್ತಿಗಳ ಮಡಿಲಿಗೆ ಬಂತು.

"ಅಯ್ಯೋ ದೇವರೇ!" ಎಂದು ರಮಾಮಣಿಯಮ್ಮ ಕೂಗಿದರು. ಕೂಗಿದ್ದು ಬಾಯಿ ಮಾತ್ರ. ಹುಳಿ ಆರಿತ್ತು, ಗಂಡನಿಗೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲಂತೂ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಆ ರಾತ್ರಿ ಎಲ್ಲರೂ ನೆಲಕ್ಕೆ ಬಂದರು. ಸೊಂಟ ಕಿತ್ತು ಬರುವಷ್ಟು ನೋವಿದ್ದರೂ ಅವರು ಎರಡೆರಡು ಸಲ ವಿಚಾರಿಸಿ ಬಡಿಸಿದರು.

ವಾರ ಕಳೆಯಿತು. ರಘುಪತಿ ರಿಕ್ಷಾದ ಮೇಲೆ ಹೊಸದೊಂದು ಮೇಜು ಕಟ್ಟಿಸಿಕೊಂಡು ಬಂದ. ಅದೇ ಅಂಗಡಿ, ಅದೇ ಹೊಳಪು.

"ಪುನಃ ಎಂತಕ್ಕೆ ಮಾರಾಯ? ನೆಲದಲ್ಲಿ ಸರಿ ಆಗ್ತಾ ಇತ್ತಲ್ಲ?"

"ಎಲ್ಲಿ ಸರಿ ಅಮ್ಮ? ಅಭ್ಯಾಸ ತಪ್ಪಿ ಹೋಗಿದೆ. ಅಪ್ಪನಿಗೆ ಏಳ್ಲಿಕ್ಕೇ ಆಗುವುದಿಲ್ಲ. ಅಲ್ವಾ ಅಪ್ಪ?"

ಯಾವುದಕ್ಕೂ ಹೂಂ ಎನ್ನುವ ವಿಷ್ಣುಮೂರ್ತಿಗಳು ಇದಕ್ಕೂ ಹೂಂ ಎಂದರು.

ರಮಾಮಣಿಯಮ್ಮ ಹಿತ್ತಿಲಿಗೆ ಹೋಗಿ ಹಳೆಯ ಮೇಜಿನ ತುಂಡುಗಳನ್ನು ಬಚ್ಚಲ ಒಲೆಗೆ ತುರುಕಿದರು. ಉರಿಯಲಿಲ್ಲ, ಕಣ್ಣು ಕಿತ್ತುಬರುವಂಥ ಕಪ್ಪು ಹೊಗೆ ಎದ್ದಿತು. ಸೌದೆಗೂ ಆಗದ ದರಿದ್ರ! ಹೊಗೆಯ ನೆಪದಲ್ಲಿ ಅವರು ಅಲ್ಲೇ ಕೂತು ಅತ್ತುಬಿಟ್ಟರು. ಮುರಿದದ್ದು ಮೇಜಿನ ಕಾಲು ಮಾತ್ರ. ಇದು ಮುರಿದರೆ ಇನ್ನೊಂದು ಬರುತ್ತದೆ, ಅದು ಮುರಿದರೆ ಮತ್ತೊಂದು, ಲೀಲಾಧರನ ಅಂಗಡಿಯಲ್ಲಿ ಬೇಕಾದಷ್ಟಿವೆ. ಇವರು ಮಾತ್ರ ಇನ್ನು ನೆಲಕ್ಕೆ ಬರುವುದಿಲ್ಲ.

ಹಾಗೆ ಅತ್ತು ಮುಗಿಸಿ ಮೂಗು ಒರೆಸಿಕೊಳ್ಳುವಾಗಲೇ ಆ ಯೋಚನೆ ಬಂದದ್ದು. ಮೇಜು ಹೋಗುವುದೇ ಇಲ್ಲವೆಂದಾದರೆ ತನ್ನ ಅಳತೆಗಾದರೂ ಇರಲಿ.

ನವರಾತ್ರಿ ಕಳೆದದ್ದೇ ಕಾರ್ಕಳದಿಂದ ಬಡಗಿ ವಾಸು ಆಚಾರಿಯನ್ನು ಕರೆಸಿದರು. ಹಿಂದೊಮ್ಮೆ ಕೊಟ್ಟಿಗೆ ಕಳಚಿದಾಗ ಯಾರಿಗೂ ಹೇಳದೆ ಅಟ್ಟಕ್ಕೆ ಏರಿಸಿಟ್ಟ ಹಲಸಿನ ಹಲಗೆಗಳನ್ನು ಕೆಳಗಿಳಿಸಿದರು. ಆಚಾರಿ ಅಂಗಳದಲ್ಲೇ ಕೂತು ಕೆಲಸ ಮಾಡುವವನಾದರೂ, ಹಲಗೆ ಬದಲಾಯಿಸಿಯಾನು ಎಂದು ಪ್ರತಿಯೊಂದಕ್ಕೂ ಹಿಂಬದಿಯಲ್ಲಿ ಸುಣ್ಣದ ಬೊಟ್ಟು ಇಟ್ಟರು. ಅಗಲ ಕಡಿಮೆ, ಉದ್ದ ಹೆಚ್ಚು, ಕೂರುವುದಕ್ಕೆ ಒಂದು ಬದಿಗೆ ಮಾತ್ರ ಬೆಂಚು. ಎತ್ತರಕ್ಕೆ ಅಳತೆ ಬೇಕೆಂದಾಗ ಸೌಟು ಹಿಡಿದು ನೆಟ್ಟಗೆ ನಿಂತು, "ಇಕಾ, ನಾನು ಬಗ್ಗಬಾರದು" ಎಂದರು.

"ಒಂದೇ ಕಡೆ ಬೆಂಚಾ ಅಮ್ಮ? ಶಾಲೆಯ ಹಾಗೆ ಆಗ್ತದಲ್ಲ?" ಎಂದ ಆಚಾರಿ.

"ಆಗಲಿ. ನಿನಗೆ ಎಂತ ತೊಂದರೆ?"

ಸಂಜೆ ಬ್ಯಾಂಕಿನಿಂದ ಬಂದ ಸುಭಾಷಿಣಿ ಅಂಗಳದಲ್ಲೇ ನಿಂತಳು. ಹಲಸು ಕಂಡು ಅವಳ ಮುಖ ಅರಳಿತು, ಬೆಂಚಿನ ಕಥೆ ಕೇಳಿ ಹಾಗೇ ಬಾಡಿತು.

"ಅಂದರೆ ನಾವೆಲ್ಲ ಸಾಲಾಗಿ ಕೂರುವುದು. ನೀವು ಎದುರು ನಿಂತು ನೋಡುವುದು."

"ಬಡಿಸುವುದು."

"ನೋಡುವುದು, ಅತ್ತೆ." ಅವಳು ಚೀಲವನ್ನು ಹಲಗೆಯ ಮೇಲಿಟ್ಟಳು. "ಬಂದಾಗಿನಿಂದ ನನ್ನ ಎಲೆ ನೋಡ್ತೀರಿ. ಎಷ್ಟು ಉಂಡಳು, ಎಂತ ಬಿಟ್ಟಳು ಅಂತ. ಹಸಿವು ಇದ್ದರೂ ಸಾಕು ಅಂತ ಕೈ ಅಡ್ಡ ಬರ್ತದೆ. ಮೇಜು ಬೇಕು ಅಂದದ್ದು ಅದಕ್ಕೇ. ನಿಮ್ಮ ಸೌಟು ನನಗೆಂತಕ್ಕೆ? ಯಾರೂ ನೋಡದೆ ಎರಡು ತುತ್ತು ಉಣ್ಣಬೇಕಿತ್ತು, ಅಷ್ಟೆ."

"ಅನ್ನ ಮುಗಿಯಿತಾ ಅಂತ ನೋಡುವುದಲ್ವಾ ನಾನು?" ಎಂದು ರಮಾಮಣಿಯಮ್ಮ ಹೇಳುವಷ್ಟರಲ್ಲಿ ಸೊಸೆ ಒಳಗೆ ಹೋಗಿದ್ದಳು. ಸುಳ್ಳು ಹೇಳುತ್ತಿರಬಹುದೇ ಎಂದು ಆ ರಾತ್ರಿಯೆಲ್ಲ ತೂಗಿ ನೋಡಿದರು. ಸುಳ್ಳಿಗೆ ಯಾರೂ ಹಾಗೆ ಹಸಿವು ಒಪ್ಪಿಕೊಳ್ಳುವುದಿಲ್ಲ ಎನಿಸಿ ಸಿಟ್ಟೇ ಬಂತು.

ಮೇಜು ಮುಗಿಯಿತು. ಅಂಗಡಿಯದನ್ನು ಹೊರಗೆ ಸರಿಸಿ, ನಾಲ್ಕು ಮಂದಿ ಹಿಡಿದು ಇದನ್ನು ಒಳಗಿಟ್ಟರು. ಮೊದಲ ಮಧ್ಯಾಹ್ನ, ಭಾನುವಾರ, ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತರು. ರಮಾಮಣಿಯಮ್ಮ ಎದುರು ಬದಿಯಲ್ಲಿ ನಿಂತ ನಿಲುವಿನಲ್ಲೇ ಬಡಿಸುತ್ತ ಹೋದರು. ಸೊಂಟ ಒಂದು ಮಾತೂ ಆಡಲಿಲ್ಲ, ಆಹಾ, ಎಂಥ ಸುಖ! ಸೊಸೆಯ ಎಲೆಯ ಹತ್ತಿರ ಬಂದಾಗ ಮಾತ್ರ ಬೇಕೆಂದೇ ಮುಖ ಎತ್ತಿ ಮಾಡಿನ ಹೆಂಚು ಹೊತ್ತ ಪಕ್ಕಾಸು ನೋಡಿದರು. ಸಾರು ಎಲೆ ತಪ್ಪಿ ಸುಭಾಷಿಣಿಯ ಮುಂಗೈಗೆ ಬಿತ್ತು.

"ಅತ್ತೆ! ಅಷ್ಟಾದರೂ ನೋಡಿ ಬಡಿಸಿ!"

ವಿಷ್ಣುಮೂರ್ತಿಗಳಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಗಂಡಸರು ಎದ್ದುಹೋದರು. ಎಂದಿನಂತೆ ರಮಾಮಣಿಯಮ್ಮ ಉಳಿದದ್ದನ್ನು ಎತ್ತಿಕೊಂಡು ಒಲೆಯ ಬದಿಗೆ ಹೊರಟರು. ಅಲ್ಲಿ ಮಣೆ ಹಾಕಿಕೊಂಡು, ತಾವೇ ಬಡಿಸಿಕೊಂಡು ಉಣ್ಣುವುದು ಅವರ ಪದ್ಧತಿ. ಸುಭಾಷಿಣಿ ಕೈ ತೊಳೆದು ಬಂದವಳು ಮೇಜು ಒರೆಸಿ ಹೊಸ ಎಲೆ ಹಾಕಿದಳು.

"ಕೂತುಕೊಳ್ಳಿ. ನಾನು ಬಡಿಸ್ತೇನೆ."

"ಬೇಡ, ನಾನೇ ಹಾಕಿಕೊಳ್ತೇನೆ."

"ಸೌಟು ಕೊಡಿ ಅತ್ತೆ."

ಕೇಳಿಯೇಬಿಟ್ಟಳಲ್ಲ! ಅವಳ ಮುಖದಲ್ಲಿ ಏನಾದರೂ ಅಡಗಿದೆಯೇ ಎಂದು ರಮಾಮಣಿಯಮ್ಮ ಹುಡುಕಿದರು. ಸಿಗಲಿಲ್ಲ. ಸೌಟು ಕೊಟ್ಟು, ಬೆಂಚಿನ ತುದಿಯಲ್ಲಿ ಕೂತರು.

ಸುಭಾಷಿಣಿ ಅನ್ನ ಹಾಕಿದಳು, ಸಾರು ಬಿಟ್ಟಳು, ಎದುರು ನಿಂತಳು. ಅವಳ ಕಣ್ಣು ಎಲೆಯ ಮೇಲಿತ್ತು. ರಮಾಮಣಿಯಮ್ಮ ಕಲಸಿದರು. ತುತ್ತು ದೊಡ್ಡದಾಯಿತೋ ಎನಿಸಿ ಸಣ್ಣದು ಮಾಡಿದರು. ಸೊರ್ರೆಂದು ಸದ್ದಾಯಿತೋ ಎಂದು ಸಾರು ಹೀರುವುದನ್ನು ಬಿಟ್ಟರು. ಬೆಳಗಿನಿಂದ ಖಾಲಿ ಹೊಟ್ಟೆ.

"ಇನ್ನು ಸ್ವಲ್ಪ ಅನ್ನ?"

ಅವರ ಎಡಗೈ ಎಲೆಗೆ ಅಡ್ಡ ಬಂದಿತ್ತು. "ಸಾಕು."

ಸುಭಾಷಿಣಿ ಅಡ್ಡ ಬಂದ ಆ ಕೈಯನ್ನು ನೋಡಿದಳು. ಅನ್ನದ ಪಾತ್ರೆಯನ್ನು ಎಲೆಯ ಪಕ್ಕಕ್ಕೆ ಸರಿಸಿ, ಸೌಟು ಅದರೊಳಗಿಟ್ಟು, ಕಿಟಕಿಯ ಬಳಿ ಹೋಗಿ ಬಾವಿಕಟ್ಟೆಯ ಕಡೆ ಮುಖ ಮಾಡಿ ನಿಂತಳು.

ರಮಾಮಣಿಯಮ್ಮ ಸ್ವಲ್ಪ ಹೊತ್ತು ಸೊಸೆಯ ಬೆನ್ನನ್ನೇ ನೋಡಿದರು. ಆಮೇಲೆ ಎಡಗೈಯಿಂದ, ಪಾತ್ರೆಗೆ ತಾಗಿ ಸದ್ದಾಗದ ಹಾಗೆ, ಸೌಟು ಎತ್ತಿಕೊಂಡರು.