ಬೇಡ ಅನ್ನಬಹುದಾದ ಕಾಗದ

ಸೇಲಂನ ಒಂದು ವಿಶ್ವವಿದ್ಯಾಲಯದಲ್ಲಿ ತಂತ್ರಜ್ಞಾನದ ನೀತಿ ಮತ್ತು ನಿಯಮಪಾಲನೆ ಅನ್ನುವ ಎರಡು ವರ್ಷದ ಕೋರ್ಸಿಗೆ ಸೇರಿದ ಮೇಲೆ ಚಂದ್ರಿಕಾಳಿಗೆ ತಪ್ಪು ಮಾಡದ ಮನುಷ್ಯರೇ ಕಾಣದಾದರು. ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡಳು. ಹಾಸ್ಟೆಲಿನಲ್ಲಿ ಯಾರಾದರೂ ಫೋಟೋ ತೆಗೆದರೆ ಎಲ್ಲರನ್ನೂ ಕೇಳಿ ತೆಗೆದೆಯಾ ಎಂದು ಅಡ್ಡ ನಿಲ್ಲುತ್ತಿದ್ದಳು. ಎರಡನೇ ಸೆಮಿಸ್ಟರ್ ಹೊತ್ತಿಗೆ ಅವಳನ್ನು ಯಾವ ಫೋಟೋಗೂ ಕರೆಯುವುದು ನಿಂತಿತು. ಅದನ್ನೂ ಅವಳು ತನ್ನ ಗೆಲುವೆಂದೇ ಎಣಿಸಿದಳು. ಧರ್ಮಪುರಿ ಕಡೆಯ ಕನ್ನಡದವರ ಊರಿನಲ್ಲಿದ್ದ ಅವಳ ಅವ್ವ ಭಾಗ್ಯಲಕ್ಷ್ಮಿ ಮಾತ್ರ, ಮಗಳು ಏನು ಓದುತ್ತಾಳೆ ಎಂದು ಕೇಳಿದವರಿಗೆಲ್ಲ, "ಕಂಪ್ಯೂಟರ್ ಪೊಲೀಸ್‌ಗೆ ಓದ್ತಾವ್ಳೆ" ಎಂದು ಹೇಳಿ ಮುಗಿಸುತ್ತಿದ್ದಳು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಳನಿಯಪ್ಪನ್ ಸರ್ ಅವಳಿಗೊಂದು ಕೆಲಸ ಕೊಟ್ಟರು. ಫೋನಿನಲ್ಲಿ ಮಾತು ಕೇಳಿಸಿಕೊಂಡು ಉತ್ತರ ಕೊಡುವ ಯಂತ್ರಕ್ಕೆ ಧರ್ಮಪುರಿ ಕಡೆಯ ಕನ್ನಡ ಕಲಿಸಬೇಕಿತ್ತು. ಅದಕ್ಕೆ ಇಪ್ಪತ್ತು ಜನರ ಮಾತು ರೆಕಾರ್ಡ್ ಆಗಬೇಕು. ಒಬ್ಬೊಬ್ಬರಿಗೂ ವಿಷಯ ತಿಳಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಹಿಂದಿನ ವರ್ಷ ತಮಿಳಿಗೆ ಇದೇ ಕೆಲಸ ಮಾಡಿದ್ದವರು ಇಪ್ಪತ್ತಕ್ಕೆ ಇಪ್ಪತ್ತು ಸಹಿ ತಂದಿದ್ದರು. ಅವರು ಕಾಗದ ಮುಂದಿಟ್ಟು ಬೆರಳು ತೋರಿಸಿ ಇಲ್ಲಿ ಹಾಕಿ ಅಂದವರು ಎಂದು ಚಂದ್ರಿಕಾಳಿಗೆ ಗೊತ್ತಿತ್ತು. ತಾನು ಅಂಥವಳಲ್ಲ. ಮೂರು ದಿನ ಕೂತು ಒಪ್ಪಿಗೆ ಪತ್ರವನ್ನು ಊರಿನ ಕನ್ನಡಕ್ಕೆ ತಂದಳು. ತಮಿಳು ಶಾಲೆಯಲ್ಲಿ ಓದಿ ಕನ್ನಡ ಅಕ್ಷರ ಬಾರದ್ದರಿಂದ ತಮಿಳು ಅಕ್ಷರದಲ್ಲೇ ಬರೆದುಕೊಂಡಳು. ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಓದಿ ಓದಿ ಬಾಯಿಪಾಠ ಮಾಡಿದಳು.

ಶನಿವಾರ ಧರ್ಮಪುರಿಯಲ್ಲಿ ಬಸ್ಸು ಬದಲಾಯಿಸಿ ಊರಿಗೆ ಬಂದು, ಹುಣಸೆಮರದ ಕೆಳಗೆ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ ಮಾರಕ್ಕನ ಮುಂದೆ ಮೊದಲು ಕೂತಳು. ಮಾರಕ್ಕನಿಗೆ ಎಪ್ಪತ್ತು ದಾಟಿತ್ತು. ಚಂದ್ರಿಕಾ ಓದತೊಡಗಿದಳು. ಮಾತು ಎಲ್ಲಿಗೆ ಹೋಗುತ್ತದೆ, ಯಾರು ಇಟ್ಟುಕೊಳ್ಳುತ್ತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ. ಮಾರಕ್ಕ ಮರಿಯ ಕಿವಿಯಿಂದ ಉಣ್ಣಿ ಕೀಳುತ್ತ ಹೂಂಗುಟ್ಟಿದಳು. ಕೊನೆಯ ಸಾಲಿಗೆ ಬಂದಾಗ ಮಾತ್ರ ತಲೆ ಎತ್ತಿದಳು.

"ಅದೇನು ಯೋಳ್ದೆ, ಇನ್ನೊಂದ್ ಕಿತ ಯೋಳು."

"ಇಷ್ಟ ಇಲ್ದಿದ್ರೆ ಬ್ಯಾಡ ಅನ್ನಬೋದು ಅಜ್ಜಿ. ಯಾಕೆ ಅಂತ ಯಾರೂ ಕೇಳಂಗಿಲ್ಲ. ರೇಷನ್ ನಿಲ್ಲಲ್ಲ, ಪೆನ್ಷನ್ ನಿಲ್ಲಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

"ಯಾರೂ ಬಯ್ಯಲ್ವಾ?"

"ಇಲ್ಲ ಅಜ್ಜಿ."

"ಅಂಗಾದ್ರೆ ಬ್ಯಾಡ," ಅಂದಳು ಮಾರಕ್ಕ.

ಅಂದವಳ ಮುಖ ಅರಳಿತು. ಗ್ಯಾಸಿಗೆ, ಬ್ಯಾಂಕಿಗೆ, ಆಧಾರಿಗೆ ಎಷ್ಟೋ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿದ್ದಳು. ಒಂದಾದರೂ ಹೀಗೆ ಕೇಳಿರಲಿಲ್ಲ. ಎದುರು ಮನೆಯ ಕಡೆ ತಿರುಗಿ ಕೂಗಿದಳು: "ಏ ಅಂಜಮ್ಮ, ಬಾರೇ ಇಲ್ಲಿ! ಬ್ಯಾಡ ಅನ್ನೋ ಪೇಪರ್ ಬಂದೈತೆ!"

ಅಂಜಮ್ಮ ಬಂದಳು. ಪೂರ್ತಿ ಕೇಳಿಸಿಕೊಂಡು, ಸೆರಗು ಬಾಯಿಗೆ ಒತ್ತಿ ನಗುತ್ತ ಬೇಡ ಅಂದಳು. ಅರ್ಧ ಗಂಟೆಯಲ್ಲಿ ಮರದ ಕೆಳಗೆ ಸಾಲು ನಿಂತಿತು. ಒಬ್ಬಳು ಓಡಿಹೋಗಿ ಅತ್ತೆಯನ್ನೂ ಕರೆತಂದಳು. ಅಣ್ಣಯ್ಯಪ್ಪ ಎದ್ದು ನಿಂತು ಪಂಚೆ ಕೊಡವಿ, "ಬ್ಯಾಡ, ವೇಂಡಾಂ, ನೋ" ಎಂದು ಮೂರು ಭಾಷೆಯಲ್ಲಿ ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಸಾಲಿನಲ್ಲಿ ಬಂದ.

"ನೀನು ಆಗ್ಲೇ ಯೋಳ್ದೆಲ್ಲ ಮಾವ?"

"ಇನ್ನೊಂದ್ ಸಲ ಬರ್ಕೊ, ಪರವಾಯಿಲ್ಲೆ."

ಹತ್ತೊಂಬತ್ತು ಜನ ಬೇಡ ಅಂದರು. ಒಬ್ಬೊಬ್ಬರ ಕಾಗದದಲ್ಲೂ ಚಂದ್ರಿಕಾ ಹಾಗೆಂದೇ ಬರೆದುಕೊಂಡಳು. ಆಮೇಲೆ ಯಾರೂ ಮನೆಗೆ ಹೋಗಲಿಲ್ಲ. ಅಲ್ಲೇ ಕೂತು ಎರಡು ಗಂಟೆ ಹರಟಿದರು. ಹೊಗೆನಕಲ್ಲಿನ ಮೀನು, ಹಳೆಯ ಜಗಳ, ಕುರಿ ಕಳೆದ ಕತೆ. ಯಂತ್ರಕ್ಕೆ ಬೇಕಾಗಿದ್ದ ಕನ್ನಡವೆಲ್ಲ ಅಲ್ಲಿ ಧಾರಾಳವಾಗಿ ಹರಿಯಿತು. ಚಂದ್ರಿಕಾ ಫೋನನ್ನು ಚೀಲದಲ್ಲಿಟ್ಟು ಚೀಲದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಜಗತ್ತಿನಲ್ಲಿ ತನ್ನಷ್ಟು ನೀತಿವಂತಳೂ ತನ್ನಷ್ಟು ದಂಡಪಿಂಡವೂ ಇನ್ನೊಬ್ಬಳಿಲ್ಲ ಅನ್ನಿಸಿತು.

ಸಂಜೆ ಮನೆಗೆ ಬಂದರೆ ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು, ಮೇಟ್ಟೂರಿನಲ್ಲಿರುವ ತಂಗಿ ಶಿವಲಕ್ಷ್ಮಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಚಂದ್ರಿಕಾಳ ಕೈಯಲ್ಲಿ ಉಳಿದಿದ್ದದ್ದು ಒಂದೇ ಕಾಗದ. ಸೋಮವಾರ ಕ್ಲಾಸಿಗೆ ಬರಿಗೈಯಲ್ಲಿ ಹೇಗೆ ಹೋಗುವುದು? ತನ್ನ ಫೋನನ್ನು ಒರಳುಕಲ್ಲಿನ ಅಂಚಿಗಿಟ್ಟು ರೆಕಾರ್ಡ್ ಒತ್ತಿದಳು. ಹೆತ್ತ ಅವ್ವ ತಾನೆ, ಹೊರಗಿನವಳಲ್ಲವಲ್ಲ ಎಂದುಕೊಂಡಳು. ಮೂರು ನಿಮಿಷವಾದ ಮೇಲೆ ಒಳಗೆ ಹೋಗಿ ಕಾಗದದಲ್ಲಿ ಅವ್ವನ ಸಹಿಯನ್ನೂ ತಾನೇ ಹಾಕಿದಳು. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಿಂದಲೂ ಆ ಸಹಿ ಅವಳ ಕೈಗೆ ಚೆನ್ನಾಗಿ ಒಗ್ಗಿತ್ತು.

ಸೋಮವಾರ ಪಳನಿಯಪ್ಪನ್ ಸರ್ ಹತ್ತೊಂಬತ್ತು ಬೇಡಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಇಪ್ಪತ್ತನೆಯದರಲ್ಲಿ ಸಹಿ ಕಂಡು ಅದನ್ನು ಕೇಳಿಸು ಅಂದರು. ಚಂದ್ರಿಕಾ ತಾನೂ ಅದನ್ನು ಪೂರ್ತಿ ಕೇಳಿರಲಿಲ್ಲ. ಕ್ಲಾಸಿನ ದೊಡ್ಡ ಸ್ಪೀಕರಿನಲ್ಲಿ ಭಾಗ್ಯಲಕ್ಷ್ಮಿಯ ದನಿ ಮೊಳಗಿತು:

"ಅದೇನ್ ಓದ್ತಾವ್ಳೋ ಆ ಮಾರಿಯಮ್ಮಂಗೇ ಗೊತ್ತು ಕಣೇ. ಊರೋರ್ಗೆಲ್ಲ ಪರ್ಮಿಷನ್ ಕೇಳ್ಕಂಡ್ ತಿರುಗ್ತಾಳೆ. ಓದ್ ತಿಂಗ್ಳು ನನ್ನ ಹೊಸ ಸೀರೆ ತಕ್ಕೊಂಡ್ ಓದ್ಳಲ್ಲ, ಒಂದ್ ಮಾತು ಕೇಳುದ್ಲಾ? ತಿಂದ ತಟ್ಟೆ ಅಲ್ಲೇ ಬಿದ್ದಿರ್ತೈತೆ."

ಸರ್‌ಗೆ ಕನ್ನಡ ಬಾರದು. "ಅಮ್ಮಾ ಎನ್ನ ಸೊಲ್ರಾಂಗ?" ಎಂದು, ಅಮ್ಮ ಏನು ಹೇಳುತ್ತಿದ್ದಾರೆ ಎಂದು ತಮಿಳಿನಲ್ಲಿ ಕೇಳಿದರು.

"ಮಳೆ ವಿಷಯ ಸರ್," ಅಂದಳು ಚಂದ್ರಿಕಾ.

ಹಿಂದಿನ ಬೆಂಚಿನಲ್ಲಿದ್ದ ಹೊಸೂರಿನ ಶೇಖರ್‌ಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವನು ನಗು ತಡೆಯಲು ಹೋಗಿ ಕೆಮ್ಮಿಬಿಟ್ಟ. ಸರ್ ಅವನನ್ನು ನೋಡಿದರು, ಅವಳನ್ನು ನೋಡಿದರು. ಚಂದ್ರಿಕಾಳಿಗೆ ಇನ್ನು ಮುಚ್ಚಿಡುವ ದಾರಿ ಇರಲಿಲ್ಲ. ಎದ್ದು ನಿಂತು, ಅವ್ವ ಅಂದದ್ದನ್ನೆಲ್ಲ ತಟ್ಟೆಯನ್ನೂ ಬಿಡದೆ ತಮಿಳಿನಲ್ಲಿ ಹೇಳಿದಳು. ಇಡೀ ಕ್ಲಾಸು ನಕ್ಕಿತು. ಸರ್ ನಗಲಿಲ್ಲ.

"ಇದಕ್ಕೆ ಅವರು ಸಹಿ ಹಾಕಿದರಾ?"

"ಇಲ್ಲ ಸರ್. ನಾನೇ ಹಾಕಿದೆ."

ನಗು ನಿಂತಿತು. ಸರ್ ಪೆನ್ನಿನ ಮುಚ್ಚಳ ಹಾಕಿದರು. ಬೇಡ ಅಂದ ಹತ್ತೊಂಬತ್ತು ಜನರ ವಿಷಯ ಹಾಗೇ ಬರೆ, ನಾನು ಇಷ್ಟು ವರ್ಷದಲ್ಲಿ ನಂಬುವಂಥ ಒಪ್ಪಿಗೆ ಪತ್ರ ನೋಡಿದ್ದು ಇವನ್ನೇ, ಅಂದರು. ಆದರೆ ಅವರು ಇನ್ನೂ ಮುಗಿಸಿರಲಿಲ್ಲ. "ಇಪ್ಪತ್ತನೆಯದಕ್ಕೆ ಮಾರ್ಕ್ಸ್ ಕಳೀತೀನಿ. ಯಾರ ಮಾತನ್ನು ಕದ್ದೆಯೋ ಅವರಿಗೆ ಮೂರು ದಿನದಲ್ಲಿ ನೀನೇ ತಿಳಿಸಬೇಕು. ನಿಯಮ ನಿನಗೆ ಗೊತ್ತಲ್ಲ." ಗೊತ್ತಿತ್ತು. ಹೋದ ವಾರ ಅದರ ಬಗ್ಗೆ ಸೆಮಿನಾರ್ ಕೊಟ್ಟವಳು ಅವಳೇ.

ಹಾಸ್ಟೆಲಿನ ಮಹಡಿಯಿಂದ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಕ್ಲಾಸೋರೆಲ್ಲ ಕೇಳುದ್ರಾ?"

"ಹೂಂ."

"ನಿಮ್ ಸಾರೂ?"

"ಹೂಂ ಅವ್ವ."

"ನಿಮ್ಮತ್ತೆ ಸುದ್ದಿ ಮಾತಾಡಿದ್ದು ಅದ್ರಲ್ಲಿ ಐತಾ?"

"ಅಲ್ಲಿಗಂಟ ಬರ್ಲಿಲ್ಲ."

"ಸದ್ಯ," ಅಂದಳು ಅವ್ವ. ಆಮೇಲೆ ದನಿ ಬದಲಾಯಿತು. "ಅಲ್ಲ ಕಣೇ, ಮಾರಕ್ಕನ್ನ ಕೇಳ್ದೆ, ಅಂಜಮ್ಮನ್ನ ಕೇಳ್ದೆ. ನನ್ನ ಒಂದ್ ಮಾತು ಕೇಳಕ್ಕೆ ನಿಂಗೆ ಏನಾಗಿತ್ತು?"

ಚಂದ್ರಿಕಾ ಓದಿದ ಎರಡು ವರ್ಷದ ಪುಸ್ತಕಗಳಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ. "ತಪ್ಪಾಯ್ತು ಅವ್ವ," ಅಂದಳು.

"ಅಳುಸ್ಬುಡು ಅದನ್ನ. ಭಾನುವಾರ ಬಾ."

ಅವಳು ಅಳಿಸಿದಳು. ಭಾನುವಾರ ಸೀರೆಯನ್ನೂ ಒಗೆದು ಮಡಿಚಿ ತಂದಳು. ಹೊಸ ಕಾಗದ ತೆಗೆದು, ಹೊರಗಿನವರಿಗೆ ಓದುವ ಹಾಗೆಯೇ ಮೊದಲಿನಿಂದ ಓದಿದಳು. ಭಾಗ್ಯಲಕ್ಷ್ಮಿ ಗೋಡೆಗೆ ಒರಗಿ ಕೂತು, ನಡುವೆ ಎರಡು ಸಲ ತಡೆದು, ಅರ್ಥವಾಗದ್ದನ್ನು ಮತ್ತೆ ಹೇಳಿಸಿಕೊಂಡಳು. ಬೇಡ ಅನ್ನಬಹುದು ಎಂಬ ಸಾಲು ಬಂದಾಗ ಮಗಳ ಮುಖವನ್ನೇ ನೋಡಿದಳು. ಚಂದ್ರಿಕಾ ಕಾಯುತ್ತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೂ ಹೀಗೆ ಕಾದಿರಲಿಲ್ಲ.

"ಕೊಡು," ಅಂದು ಅವ್ವ ಪೆನ್ನು ತೆಗೆದುಕೊಂಡಳು. ನಿಧಾನವಾಗಿ ಸಹಿ ಹಾಕಿದಳು. ಮಗಳು ಹಾಕುತ್ತಿದ್ದ ಸಹಿಗಿಂತ ಅದು ಸ್ವಲ್ಪ ಸೊಟ್ಟಗಿತ್ತು.

ಆಮೇಲೆ ಎದ್ದು ಹೋಗಿ ಮುಖ ತೊಳೆದಳು. ತಲೆ ಬಾಚಿ, ಆ ಹೊಸ ಸೀರೆಯನ್ನೇ ಉಟ್ಟು ಬಂದು ಫೋನಿನ ಮುಂದೆ ನೆಟ್ಟಗೆ ಕೂತಳು. ಚಂದ್ರಿಕಾ ರೆಕಾರ್ಡ್ ಒತ್ತಿ, ಏನಾದರೂ ಮಾತಾಡವ್ವ ಎಂದು ಕೈಸನ್ನೆ ಮಾಡಿದಳು. ಭಾಗ್ಯಲಕ್ಷ್ಮಿ ಗಂಟಲು ಸರಿಮಾಡಿಕೊಂಡು, ಟಿವಿಯಲ್ಲಿ ವಾರ್ತೆ ಓದುವವರ ದನಿಯಲ್ಲಿ, ಅಚ್ಚ ತಮಿಳಿನಲ್ಲಿ ಶುರು ಮಾಡಿದಳು:

"ವಣಕ್ಕಂ. ಎನ್ ಪೆಯರ್ ಭಾಗ್ಯಲಕ್ಷ್ಮಿ."